ಎರಡನೇ ಗೇರಿನಲ್ಲಿ ಬಡ್ಡಿ ದರ

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ತನ್ನ ಡ್ರೈವಿಂಗ್ ಸ್ಕೂಲಿನ ಹಳೆಯ ಬಿಳಿ ಕಾರಿನಲ್ಲಿ ಚಾಲಕರ ಪಕ್ಕದ ಸೀಟಿನಲ್ಲಿ ಕುಳಿತು ಒಟ್ಟಿಗೇ ಎರಡು ಕೆಲಸ ಮಾಡುತ್ತಿದ್ದಳು. ಕಾಲಿನಿಂದ ತನ್ನ ಪಾಲಿನ ಬ್ರೇಕನ್ನು ಕಾಯುತ್ತಿದ್ದಳು. ಬಾಯಿಂದ ತಮ್ಮನಿಗೆ ಫೋನಿನಲ್ಲಿ ಒಂದು ಸೂತ್ರ ಬರೆಸುತ್ತಿದ್ದಳು.

ಸ್ಟೇರಿಂಗ್ ಹಿಡಿದಿದ್ದವರು ಹಲ್ಲಿನ ಡಾಕ್ಟರಮ್ಮ. ದಿನವಿಡೀ ಇನ್ನೊಬ್ಬರ ಬಾಯಿ ತೆರೆಸುವ ಅವರು ಕಾರು ಹತ್ತಿದ ಕೂಡಲೇ ತಮ್ಮ ಬಾಯಿ ಅರ್ಧ ತೆರೆದು, ಕ್ಲಾಸು ಮುಗಿಯುವ ತನಕ ಹಾಗೇ ಬಿಟ್ಟಿರುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಅವರದಾದ ಮೇಲೆ ನನ್ನ ಪಾಳಿ. ಮುಂದಿನ ಸೀಟಿನವರು ಫೋನ್ ಮುಟ್ಟಕೂಡದು ಎನ್ನುವುದು ಅತ್ತೆಯ ಕಾರಿನ ಕಾನೂನು. ಹಾಗಾಗಿ ಫೋನನ್ನು ನಾನೇ ಎರಡು ಸೀಟುಗಳ ನಡುವೆ ಮೈಕಿನ ಹಾಗೆ ಚಾಚಿ ಹಿಡಿದಿದ್ದೆ.

ಆ ಕಡೆ ಅಪ್ಪ ತನ್ನ ಬೀಗದ ಅಂಗಡಿಯಲ್ಲಿ, ಬಿಲ್ಲು ಮುದ್ರಿಸುವುದಕ್ಕೆಂದು ಇಟ್ಟುಕೊಂಡಿದ್ದ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಕಾರುಗಳ ಬೀಗದಕೈ ಕತ್ತರಿಸುವ ಹೊಸ ಯಂತ್ರ ಕೊಳ್ಳಲು ಅವನಿಗೆ ಮೂರು ಲಕ್ಷದ ಸಾಲ ಬೇಕಿತ್ತು. ಹನ್ನೊಂದು ಗಂಟೆಗೆ ಸಾಲದ ಆಫೀಸಿನಲ್ಲಿ ಕಾಗದಗಳಿಗೆ ಸಹಿ. ಅದಕ್ಕೆ ಮುಂಚೆ ಅಕ್ಕನ ಬಾಯಿಂದ ಒಂದು ಮಾತು ಬರಬೇಕಿತ್ತು.

"ಸಮ ಚಿಹ್ನೆ ಹಾಕಿದ್ಯಾ?"

"ಹಾಕ್ದೆ."

"ಆರ್, ಎ, ಟಿ, ಇ. ರೇಟ್. ಆಮೇಲೆ ಬ್ರಾಕೆಟ್ಟು."

"ಯಾವ ಬ್ರಾಕೆಟ್ಟು? ಇಲ್ಲಿ ಮೂರು ಥರ ಇದೆ."

"ಕತ್ತರಿಸಿ ಬಿಸಾಕಿದ ಉಗುರಿನ ಥರ ಇರುತ್ತಲ್ಲ, ಅದು. ಡಾಕ್ಟ್ರೇ, ಕ್ಲಚ್ ಪೂರ್ತಿ ಒತ್ತಿ, ಅರ್ಧಂಬರ್ಧ ಬೇಡ. ಹಾಕಿದ್ಯೇನೋ? ಈಗ ಎಷ್ಟು ಕಂತು, ಮೂವತ್ತಾರು. ಕಾಮ. ಒಂದೊಂದು ಕಂತೂ ಎಷ್ಟು, ಹತ್ತು ಸಾವಿರದ ಎಂಟುನೂರ ಮೂವತ್ತಮೂರು. ಕಾಮ. ಸಾಲ ಎಷ್ಟು, ಮೂರು ಲಕ್ಷ. ಬ್ರಾಕೆಟ್ ಮುಚ್ಚು. ಒತ್ತು."

ಆ ಕಡೆ ಕೀಲಿ ಒತ್ತಿದ ಸದ್ದು ಕೇಳಿಸಿತು.

"ಅಕ್ಕ, ಇದು ಬೈತಿದೆ."

"ಏನಂತ?"

"ಗೊತ್ತಾಗ್ತಿಲ್ಲ. ಹೊಲಿಗೆ ಹಾಕಿದ ಹಾಗೆ ಒಂದು ಗುರುತು, ಆಮೇಲೆ ಮೂರು ಇಂಗ್ಲಿಷ್ ಅಕ್ಷರ. ಕೊನೇಲಿ ಒಂದು ಆಶ್ಚರ್ಯದ ಚಿಹ್ನೆ ಬೇರೆ."

"ಕಂತಿಗೆ ಮೈನಸ್ ಹಾಕ್ಲಿಲ್ಲ ನೀನು."

"ನೀನು ಹೇಳ್ಲಿಲ್ಲ."

"ಹೋದ ಸಲ ಹೇಳಿದ್ದೆ. ಮೂರು ಲಕ್ಷ ನಿನ್ನ ಕೈಗೆ ಬರುತ್ತೆ, ಕಂತು ನಿನ್ನ ಕೈಯಿಂದ ಹೋಗುತ್ತೆ. ಒಂದು ಬರೋದು, ಒಂದು ಹೋಗೋದು. ನೀನು ಎರಡನ್ನೂ ಬರೋದು ಅಂತ ಬರ್ದಿದ್ದೀಯ. ಅಂಥ ಸಾಲ ಭೂಮಿ ಮೇಲೆ ಇಲ್ಲ ಕಣೋ ಅಂತ ಅದು ಹೇಳ್ತಿದೆ."

"ಇದ್ದಿದ್ರೆ ಅದನ್ನೇ ತಗೋತಿದ್ದೆ," ಅಂದ ಅಪ್ಪ. ಮೈನಸ್ ಚಿಹ್ನೆ ಕೀಲಿಮಣೆಯ ಯಾವ ಮೂಲೆಯಲ್ಲಿದೆ ಎಂದು ಹುಡುಕತೊಡಗಿದ. ಅವನು ಯಾವ ಬೀಗವನ್ನಾದರೂ ಎರಡು ನಿಮಿಷದಲ್ಲಿ ಬಿಚ್ಚುತ್ತಾನೆ. ಕೀಲಿಮಣೆಯಲ್ಲಿ ಒಂದು ಗೀಟು ಹುಡುಕುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅವನು ಹುಡುಕುತ್ತಿರಲಿ. ಅಷ್ಟರಲ್ಲಿ ಅತ್ತೆಗೂ ಈ ಸೂತ್ರಕ್ಕೂ ಹೇಗೆ ನಂಟು ಬೆಳೆಯಿತು ಎಂದು ಹೇಳಿಬಿಡುತ್ತೇನೆ.

ಅತ್ತೆ ಮೊದಲ ಕಾರನ್ನು ಕೊಂಡದ್ದು ಸಾಲದ ಮೇಲೆ. ಮಾರಿದವರು ಎಂಟು ಪರ್ಸೆಂಟು ಅಂದರು, ಐದು ವರ್ಷ ಅಂದರು, ಅವಳು ತಲೆಯಾಡಿಸಿದಳು. ಕಂತುಗಳೆಲ್ಲ ತೀರಿದ ಮೇಲೆ ಸ್ಕೂಲಿನ ಲೆಕ್ಕ ತಾನೇ ಇಟ್ಟುಕೊಳ್ಳೋಣವೆಂದು ಸಂಜೆ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಅಲ್ಲಿ ಒಂದು ದಿನ ಸ್ಪ್ರೆಡ್‌ಶೀಟಿನ ರೇಟ್ ಎನ್ನುವ ಫಂಕ್ಷನ್ ಹೇಳಿಕೊಟ್ಟರು. ಎಷ್ಟು ಕಂತು, ಒಂದು ಕಂತಿಗೆ ಎಷ್ಟು, ಮೊದಲು ಕೈಗೆ ಬಂದದ್ದೆಷ್ಟು, ಈ ಮೂರನ್ನು ಕೊಟ್ಟರೆ ನಿಜವಾದ ಬಡ್ಡಿ ದರ ಎಷ್ಟೆಂದು ಅದು ತಾನೇ ಹುಡುಕಿ ಹೇಳುತ್ತದೆ. ಎಲ್ಲರೂ ಪುಸ್ತಕದಲ್ಲಿದ್ದ ಉದಾಹರಣೆ ಮಾಡಿದರೆ ಅತ್ತೆ ತನ್ನ ಕಾರಿನದ್ದನ್ನು ಹಾಕಿದಳು. ಎಂಟು ಬರಬೇಕಾದಲ್ಲಿ ಹದಿನಾಲ್ಕು ದಾಟಿ ಬಂತು.

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರೇನೋ. ಅತ್ತೆಗೆ ಕುತೂಹಲವಾಯಿತು. ಮರುದಿನ ಟೀಚರನ್ನು ಕೇಳಿ ತಿಳಿದುಕೊಂಡು, ಅದನ್ನು ತನಗೆ ಒಗ್ಗುವ ಹಾಗೆ ಒಂದು ಮಾತಿನಲ್ಲಿ ಕಟ್ಟಿಟ್ಟುಕೊಂಡಳು. ಆ ಮಾತನ್ನು ನಮ್ಮ ಮನೆಯಲ್ಲಿ ಎಲ್ಲರೂ ನಿದ್ದೆಯಲ್ಲೂ ಹೇಳಬಲ್ಲರು: "ಫ್ಲಾಟ್ ಬಡ್ಡಿ ಅಂದ್ರೆ ಏನು? ಒಂದು ಮನೆ ಬಾಡಿಗೆಗೆ ತಗೋತೀಯ. ತಿಂಗಳಿಗೊಂದು ಕೋಣೆ ಖಾಲಿ ಮಾಡಿ ಓನರ್‌ಗೆ ವಾಪಸ್ ಕೊಡ್ತಾ ಬರ್ತೀಯ. ಬಾಡಿಗೆ ಮಾತ್ರ ಕೊನೇ ತನಕ ಇಡೀ ಮನೆಗೆ!"

ಅಲ್ಲಿಂದ ಮುಂದೆ ಅವಳ ಕಣ್ಣಿಗೆ ಬಿದ್ದ ಕಂತುಗಳಿಗೆಲ್ಲ ಗ್ರಹಚಾರ ಶುರುವಾಯಿತು. ಫ್ರಿಜ್ಜು, ಸೋಫಾ, "ಬಡ್ಡಿಯೇ ಇಲ್ಲ" ಎಂದು ಮಾರುವ ಟಿವಿ. ಒಂದು ಸಲ ಜಿಮ್ಮಿನವರು ಹತ್ತು ತಿಂಗಳ ಶುಲ್ಕ ಮೊದಲೇ ಕಟ್ಟಿದರೆ ಹನ್ನೆರಡು ತಿಂಗಳು ಬರಬಹುದು ಎಂದರು. ಅತ್ತೆ ಅದನ್ನೂ ಶೀಟಿಗೆ ಹಾಕಿದಳು. ವರ್ಷಕ್ಕೆ ನಲವತ್ತೆರಡು ಪರ್ಸೆಂಟು ಬಂತು. "ನಲವತ್ತೆರಡು! ಯಾವ ಬ್ಯಾಂಕೂ ಕೊಡಲ್ಲ ಇಷ್ಟನ್ನ," ಎಂದು ಅವತ್ತೇ ಹೋಗಿ ದುಡ್ಡು ಕಟ್ಟಿ ಬಂದಳು. ಹೋಗಿದ್ದು ನಾಲ್ಕು ದಿನ. ಹೋಗದೆ ಇದ್ದರೆ ಎಷ್ಟು ಪರ್ಸೆಂಟು ಎಂದು ಮಾವ ಬಹಳ ವಿನಯದಿಂದ ಕೇಳಿದರು. ಅತ್ತೆ ಅದಕ್ಕೂ ಲೆಕ್ಕ ಹಾಕಲು ಕೂತಳು, ಶೀಟು ಬೈಯಿತು.

ಹೀಗೆ ಅವಳು ನಮ್ಮ ಕುಟುಂಬಕ್ಕೊಂದು ಬಡ್ಡಿಯ ಕೋರ್ಟಾದಳು. ಅಪ್ಪನ ಯಂತ್ರದ ಮಾತು ಬಂದಾಗ ಅವಳು ಮೊದಲು ತನ್ನ ದುಡ್ಡನ್ನೇ ಕೊಡಲು ಹೋದಳು. ಹೊಸ ಕಾರು ಕೊಳ್ಳಲು ಕೂಡಿಟ್ಟದ್ದು ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿತ್ತು. ಅಪ್ಪ ಕಿವಿ ಮುಚ್ಚಿಕೊಂಡ. ಬಿಳಿ ಕಾರಿನ ಹಿಂದಿನ ಬಾಗಿಲು ಹಗ್ಗದಲ್ಲಿ ಕಟ್ಟಿದ್ದಲ್ಲವೇ, ಅಕ್ಕನ ಕಾರಿನ ದುಡ್ಡು ತಿಂದವನು ಎನ್ನಿಸಿಕೊಳ್ಳಲಾರೆ ಎಂದ. ಕೊನೆಗೆ ಒಂದು ಒಪ್ಪಂದವಾಯಿತು. ಹೊರಗಿನ ಸಾಲದ ನಿಜವಾದ ದರ ಹದಿಮೂರರ ಒಳಗಿದ್ದರೆ ಅಪ್ಪ ಅದನ್ನು ತೆಗೆದುಕೊಳ್ಳಬಹುದು, ಅತ್ತೆ ತುಟಿ ಬಿಚ್ಚಬಾರದು. ಹದಿಮೂರು ದಾಟಿದರೆ ಅಪ್ಪ ಪೆನ್ನು ಮುಟ್ಟಬಾರದು. ದರ ಎಷ್ಟೆಂದು ಹೇಳುವವಳು ಅತ್ತೆ. ಅವಳು ಹೇಳಿದ್ದೇ ಅಂತಿಮ.

"ಬಂತು ಅಕ್ಕ, ಬಂತು!" ಎಂದು ಫೋನಿನಲ್ಲಿ ಅಪ್ಪ ಕೂಗಿದ್ದು ಈಗ.

ಇದೇ ಗಳಿಗೆಯಲ್ಲಿ ಡಾಕ್ಟರಮ್ಮ ಕ್ಲಚ್ಚನ್ನು ಪೂರ್ತಿ ಬಿಟ್ಟರು. ಕಾರು ಒಮ್ಮೆ ಬಿಕ್ಕಿ, ಆಮೇಲೆ ಏನೋ ನೆನಪಾದಂತೆ ರಸ್ತೆಯಂಚಿನ ಹಸಿರು ಕಸದ ತೊಟ್ಟಿಯ ಕಡೆಗೆ ನೆಟ್ಟಗೆ ಹೊರಟಿತು.

"ಬ್ರೇಕು! ಬ್ರೇಕು!"

"ಯಾವುದು?"

"ನಡುವಿನದು!"

"ಒಂದು ಪರ್ಸೆಂಟು," ಅಂದ ಅಪ್ಪ.

ಅತ್ತೆ ತನ್ನ ಬ್ರೇಕನ್ನು ತುಳಿದಳು. ತೊಟ್ಟಿಗೂ ಬಂಪರಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ ಉಳಿಯಿತು. ನಿಜಕ್ಕೂ ಒಂದು ಬೆಕ್ಕು ನುಸುಳಿ ಹೋಯಿತು.

"ಅಕ್ಕ? ಕೇಳಿಸ್ತಾ? ಒಂದು ಪರ್ಸೆಂಟು."

"ಅದು ತಿಂಗಳಿಗೆ ಕಣೋ. ಹನ್ನೆರಡರಿಂದ ಗುಣಿಸು. ಹನ್ನೆರಡು," ಅಂದಳು ಅತ್ತೆ ಉಸಿರು ಬಿಡುತ್ತಾ. "ಹದಿಮೂರರ ಒಳಗೇ ಇದೆ. ಹೋಗು, ಸಹಿ ಹಾಕು. ಡಾಕ್ಟ್ರೇ, ನೀವು ಉಸಿರಾಡಿ."

ಅಪ್ಪ ಫೋನ್ ಇಟ್ಟ. ಅವನ ದನಿಯಲ್ಲಿ ಸಂತೋಷ ಎಷ್ಟಿತ್ತೆಂದರೆ ಇಡುವ ಮುಂಚೆ ನನಗೂ ಡಾಕ್ಟರಮ್ಮನಿಗೂ ಬೇರೆಬೇರೆಯಾಗಿ ಥ್ಯಾಂಕ್ಸ್ ಹೇಳಿದ.

ಕಾರು ಹಿಂದಕ್ಕೆ ಬಂದು, ಸಾವರಿಸಿಕೊಂಡು, ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬಂತು. ಸಿಗ್ನಲಿನಲ್ಲಿ ಕೆಂಪು ದೀಪ. ನಿಂತ ಕಾರಿನಲ್ಲಿ ಮಾತ್ರ ಡಾಕ್ಟರಮ್ಮನಿಗೆ ಮಾತು ಹೊರಡುತ್ತದೆ.

"ಮೇಡಂ, ಹೋದ ವಾರ ನನ್ನ ಪಾಲಿಸಿದು ಲೆಕ್ಕ ಹಾಕಿ ಕೊಟ್ರಲ್ಲ. ತಿಂಗಳಿಗೆ ಎರಡು ಸಾವಿರ, ಹದಿನೈದು ವರ್ಷ, ಕೊನೇಲಿ ಐದು ಲಕ್ಷ. ನಾನೇನೋ ಭಾರೀ ಲಾಭ ಅಂದ್ಕೊಂಡಿದ್ದೆ. ನೀವು ನಾಲ್ಕು ಪಾಯಿಂಟ್ ಎರಡು ಅಂದ್ರಿ. ನಾನು ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹೇಳ್ದೆ, ನಾಲ್ಕು ಪಾಯಿಂಟ್ ಎರಡಂತೆ, ಬರೀ ನಾಲ್ಕು ಪಾಯಿಂಟ್..."

"ಪಾಯಿಂಟ್," ಅಂದಳು ಅತ್ತೆ.

"ಹ್ಞಾಂ?"

"ಅವನು ಪಾಯಿಂಟ್ ಹೇಳ್ಲಿಲ್ಲ." ಅತ್ತೆ ಸೀಟಿನಲ್ಲಿ ನೆಟ್ಟಗೆ ಕೂತಳು. "ಬರೀ ಒಂದು ಅಂದ. ಇಷ್ಟು ವರ್ಷದಲ್ಲಿ ಒಂದು ಸಾಲಕ್ಕೂ ನನಗೆ ದುಂಡಗೆ ಒಂದು ಅಂತ ಬಂದದ್ದಿಲ್ಲ. ಬಾಲ ಇಲ್ಲದ ಬಡ್ಡಿ ಎಲ್ಲಿರುತ್ತೆ?" ಅವಳ ತುಟಿಗಳು ಅಲುಗುತ್ತಿದ್ದವು. "ಮೂವತ್ತಾರು ಕಂತು ಸೇರಿಸಿದ್ರೆ ಮೂರು ಲಕ್ಷದ ತೊಂಬತ್ತು ಸಾವಿರ. ಮೇಲೆ ತೊಂಬತ್ತು ಸಾವಿರ ಅಂದ್ರೆ ವರ್ಷಕ್ಕೆ ಮೂವತ್ತು. ಅಯ್ಯೋ, ಹತ್ತು ಫ್ಲಾಟು! ಹತ್ತು ಫ್ಲಾಟು ಎಲ್ಲಾದ್ರೂ ಹನ್ನೆರಡಕ್ಕೆ ನಿಲ್ಲುತ್ತಾ? ನಿನ್ನ ಫೋನಿನಲ್ಲಿ ಶೀಟು ತೆಗಿ, ಬೇಗ!"

ಕೊನೆಯ ಮಾತು ನನಗೆ. ನಾನು ಸೂತ್ರವನ್ನು ಹಾಕಿದೆ, ಮೈನಸ್ ಸಮೇತ. ಚೌಕದಲ್ಲಿ ಒಂದು ಪರ್ಸೆಂಟು ಎಂದೇ ಬಂತು.

"ಒಂದೇ ಅತ್ತೆ."

"ಸೊನ್ನೆಸೊನ್ನೆ ಬರೆದಿರೋ ಗುಂಡಿ ಒತ್ತು. ಎರಡು ಸಲ."

ಒತ್ತಿದೆ. ಒಂದು ಎಂಬುದು ಒಂದು ಪಾಯಿಂಟ್ ಐದಾಯಿತು, ಮತ್ತೆ ಒತ್ತಿದಾಗ ಒಂದು ಪಾಯಿಂಟ್ ನಾಲ್ಕು ಒಂಬತ್ತಾಯಿತು. ವಿಷಯ ಇಷ್ಟೇ. ಈ ಫಂಕ್ಷನಿನ ಉತ್ತರವನ್ನು ಶೀಟು ದಶಾಂಶಗಳನ್ನು ಬಿಟ್ಟು, ದುಂಡು ಮಾಡಿ ತೋರಿಸುತ್ತದೆ. ಒಳಗಿರುವ ಸಂಖ್ಯೆ ಪೂರ್ತಿಯಾಗಿಯೇ ಇರುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಗಿಡ್ಡ. ಅತ್ತೆ ತನ್ನ ಶೀಟಿನಲ್ಲಿ ದಶಾಂಶ ಕಾಣುವ ಏರ್ಪಾಟನ್ನು ಎಂದೋ ಮಾಡಿಟ್ಟುಕೊಂಡಿದ್ದಳು, ಮಾಡಿದ್ದು ಅವಳಿಗೇ ಮರೆತುಹೋಗಿತ್ತು. ಅಪ್ಪನ ಕಂಪ್ಯೂಟರಿನಲ್ಲಿ ಅದನ್ನು ಯಾರು ಮಾಡಬೇಕು? ಅವನು ಕಂಡದ್ದನ್ನು ಕಂಡಂತೆ ಓದಿದ. ಅವಳು ಕೇಳಿದ್ದನ್ನು ಕೇಳಿದಂತೆ ಗುಣಿಸಿದಳು. ನಡುವೆ ಕಸದ ತೊಟ್ಟಿ ಬಂತು.

ಚೌಕದ ಒಳಗಿದ್ದ ಪೂರ್ತಿ ಸಂಖ್ಯೆಯನ್ನೇ ಹನ್ನೆರಡರಿಂದ ಗುಣಿಸಿದೆ. "ಹದಿನೇಳು ಪಾಯಿಂಟ್ ಒಂಬತ್ತು ಎರಡು," ಅಂದೆ.

"ಅವನಿಗೆ ಫೋನ್ ಮಾಡು."

ಮಾಡಿದೆ. ಎತ್ತಿದ್ದು ಅಪ್ಪನಲ್ಲ, ಪಕ್ಕದ ಅಂಗಡಿಯ ಚಪ್ಪಲಿ ರಿಪೇರಿಯ ಯಜಮಾನರು. ಅಪ್ಪ ಅಂಗಡಿ ಬಿಟ್ಟು ಎಲ್ಲಿಗೆ ಹೋದರೂ ಫೋನನ್ನು ಅವರ ಕೈಗೆ ಕೊಟ್ಟು ಹೋಗುತ್ತಾನೆ. ಬೀಗ ಹಾಕಿಕೊಂಡು ಹೊರಗೆ ಸಿಕ್ಕಿಬಿದ್ದವರು ಯಾವಾಗ ಕರೆಯುತ್ತಾರೋ ಹೇಳಲಾಗದು, ಗಿರಾಕಿಗೆ ಫೋನು ಸಿಗಬೇಕು ಎನ್ನುವುದು ಅವನ ಕ್ರಮ.

"ಬೀಗದ ಅಂಗಡಿ," ಅಂದರು ಯಜಮಾನರು. "ಒಳಗಡೆ ಸಿಕ್ಕೊಂಡಿದ್ದೀರೋ ಹೊರಗಡೇನೋ?"

"ನಾನು ಅವನ ಅಕ್ಕ ಮಾತಾಡ್ತಿರೋದು. ಅವನೆಲ್ಲಿ?"

"ಓ, ಅಕ್ಕಾವ್ರೇ! ಸಾಲದ ಆಫೀಸಿಗೆ ಹೋದ್ರು, ಈಗಷ್ಟೇ. ತಲೆ ಬಾಚ್ಕೊಂಡು ಹೋದ್ರು. ನೀವು ಒಳಗಡೆ ಸಿಕ್ಕೊಂಡಿದ್ದೀರಾ?"

"ನಾನು ಸಿಗ್ನಲ್ಲಿನಲ್ಲಿ ಸಿಕ್ಕೊಂಡಿದ್ದೀನಿ," ಎಂದು ಅತ್ತೆ ಫೋನ್ ಇಡಲು ನನಗೆ ಸನ್ನೆ ಮಾಡಿದಳು. ಹಸಿರು ದೀಪ ಬಂತು. "ಡಾಕ್ಟ್ರೇ, ಇವತ್ತು ನಿಮಗೆ ಹೊಸ ದಾರಿ. ಎಡಗಡೆ ಇಂಡಿಕೇಟರ್ ಹಾಕಿ."

"ಮೇಡಂ, ನಿಮ್ಮ ಮನೆ ಕೆಲಸ ಇದು. ನೀವೇ ಓಡಿಸಿಬಿಡಿ, ಬೇಗ ಹೋಗ್ತೀವಿ."

"ಹನ್ನೊಂದರ ತನಕ ಸ್ಟೇರಿಂಗ್ ನಿಮ್ಮದು."

"ನಾನು ಬಿಟ್ಟುಕೊಡ್ತೀನಿ!"

"ನಾನು ತಗೊಳ್ಳಲ್ಲ."

ಇದು ಅತ್ತೆಯ ಇನ್ನೊಂದು ಕಾನೂನು, ಫೋನಿನ ಕಾನೂನಿಗಿಂತ ಹಳೆಯದು. ಕಲಿಯುವವರ ಕೈಯಿಂದ ನಡು ರಸ್ತೆಯಲ್ಲಿ ಸ್ಟೇರಿಂಗ್ ಕಿತ್ತುಕೊಳ್ಳಬಾರದು. ಒಂದು ಸಲ ಕಿತ್ತುಕೊಂಡರೆ ಅವರ ಧೈರ್ಯವೂ ಅದರ ಜೊತೆಗೇ ಕೈಬಿಟ್ಟು ಹೋಗುತ್ತದೆ, ಮತ್ತೆ ಅದನ್ನು ಕೂಡಿಸುವುದಕ್ಕೆ ತಿಂಗಳುಗಟ್ಟಲೆ ಬೇಕು ಎನ್ನುತ್ತಿದ್ದಳು. ಒಡಹುಟ್ಟಿದ ತಮ್ಮ ಹದಿನೆಂಟು ಪರ್ಸೆಂಟಿನ ಹಳ್ಳಕ್ಕೆ ಬೀಳುತ್ತಿರುವಾಗಲೂ ಆ ಕಾನೂನಿಗೆ ರಜೆ ಇರಲಿಲ್ಲ. ಬಿಟ್ಟ ಬಾಣವನ್ನು ಹಿಡಿಯಲು ನಾವು ಎರಡನೇ ಗೇರಿನಲ್ಲಿ ಹೊರಟೆವು.

ನಮ್ಮನ್ನು ಮೊದಲು ಬಸ್ಸು ಹಿಂದೆ ಹಾಕಿತು. ಆಮೇಲೆ ಸ್ಕೂಟರುಗಳು. ಆಮೇಲೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡ ಸೈಕಲ್ಲು. ಅದರ ಸವಾರ ನಮ್ಮ ಕಿಟಕಿಯೊಳಗೆ ಬಗ್ಗಿ ನೋಡಿ, ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ ಮುಂದೆ ಹೋದ.

"ಮೂರನೇ ಗೇರಿಗೆ ಬನ್ನಿ ಡಾಕ್ಟ್ರೇ."

"ಮೂರನೇದು ಮುಂದಿನ ವಾರ ಅಂದಿದ್ರಿ!"

"ಹಾಗಾದ್ರೆ ಎರಡರಲ್ಲೇ ಸ್ವಲ್ಪ ಒತ್ತಿ. ನಿಮ್ಮ ರೋಗಿಗೆ ಏನಂತೀರಿ ನೀವು?"

"ಏನೂ ಆಗಲ್ಲ, ಒಂಚೂರು ಚುಚ್ಚಿದ ಹಾಗಾಗುತ್ತೆ ಅಂತೀನಿ."

"ಅದನ್ನೇ ನಿಮಗೆ ಹೇಳ್ಕೊಳ್ಳಿ."

ಡಾಕ್ಟರಮ್ಮ ಹಾಗೇ ಹೇಳಿಕೊಳ್ಳುತ್ತಾ ಹೋದರು. ವೃತ್ತದಲ್ಲಿ ಒಂದು ಸುತ್ತು ಹೆಚ್ಚಿಗೆ ಹೊಡೆದರು, ಹೊರಬೀಳುವ ದಾರಿ ಕೈಗೆ ಸಿಗಲಿಲ್ಲ ಎಂದು. ಅತ್ತೆ ಒಂದೂ ಗಟ್ಟಿ ಮಾತಾಡಲಿಲ್ಲ. ಮಡಿಲಲ್ಲಿ ಎರಡೂ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಕೂತಿದ್ದಳು. ಮೇಲಿನ ಕೈ ಕೆಳಗಿನದನ್ನು ಬಿಗಿಯಾಗಿ ಹಿಡಿದಿತ್ತು. ಒಮ್ಮೆ ಮಾತ್ರ, ಯಾರಿಗೂ ಅಲ್ಲದಂತೆ ಅಂದಳು: "ನಾನು ಹೇಳಿದೆ ಅಂತ ಹೋಗಿದ್ದಾನೆ ಅವನು. ತಲೆ ಬಾಚ್ಕೊಂಡು ಹೋಗಿದ್ದಾನೆ."

ಸಾಲದ ಆಫೀಸು ಇದ್ದದ್ದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ರಸ್ತೆಗೆ ಮುಖ ಮಾಡಿ ದೊಡ್ಡ ಗಾಜಿನ ಕಿಟಕಿ. ಕೆಳಗೆ ರಸ್ತೆಯುದ್ದಕ್ಕೂ ವಾಹನಗಳು ಒತ್ತಾಗಿ ನಿಂತಿದ್ದವು, ಹಲ್ಲಿನ ನಡುವೆ ಕಡ್ಡಿ ತೂರಿಸಲೂ ಸಂದಿಲ್ಲದ ಹಾಗೆ. ಈ ಹೋಲಿಕೆ ನನ್ನದಲ್ಲ, ಡಾಕ್ಟರಮ್ಮನದು. ಅವರು ಕಾರನ್ನು ನಡು ರಸ್ತೆಯಲ್ಲೇ ನಿಲ್ಲಿಸಿ, "ನಾನು ಇನ್ನು ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ," ಎಂದು ಘೋಷಿಸಿದರು.

ಅಲ್ಲಿ ರಸ್ತೆ ಇಳಿಜಾರು. ಆ ಕಾರಿನ ಕೈಬ್ರೇಕಿನ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ. ಕಲಿಯುವವರನ್ನು ಇಳಿಜಾರಿನಲ್ಲಿ ಒಬ್ಬರನ್ನೇ ಬಿಟ್ಟು ಅತ್ತೆ ಇಳಿಯುವ ಹಾಗಿರಲಿಲ್ಲ.

"ನೀನು ಓಡು," ಅಂದಳು ನನಗೆ. "ಪೆನ್ನು ಕಿತ್ಕೋ."

ನಾನು ಮೆಟ್ಟಿಲು ಹತ್ತಿ ಒಳಗೆ ನುಗ್ಗಿದಾಗ ಅಪ್ಪ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಸಹಿ ಮಾಡುತ್ತಿದ್ದ. ಎದುರಿಗೆ ಟೈ ಕಟ್ಟಿದ ಯುವಕ ಒಂದೊಂದೇ ಹಾಳೆ ಮಗುಚಿ ಕೊಡುತ್ತಿದ್ದ.

"ನಿಲ್ಲಿಸಪ್ಪ! ಹನ್ನೆರಡಲ್ಲ, ಹದಿನೆಂಟು!"

ಅಪ್ಪ ತಲೆಯೆತ್ತಿ ನೋಡಿದ. "ಯಾರು ಹೇಳಿದ್ದು?"

"ಶೀಟು. ನನ್ನ ಫೋನಿನಲ್ಲಿ ಈಗ..."

"ಅಕ್ಕ ಹನ್ನೆರಡು ಅಂದಿದ್ದಾಳೆ," ಅಂದ ಅಪ್ಪ, ಮತ್ತೆ ಬಗ್ಗಿದ. ನನ್ನ ಪದವಿ, ಅದರಲ್ಲಿ ಗಣಿತಕ್ಕೆ ಬಂದ ಅಂಕ, ನನ್ನ ಫೋನು, ಯಾವುದಕ್ಕೂ ಆ ಮೇಜಿನ ಮುಂದೆ ಬೆಲೆಯಿರಲಿಲ್ಲ. ದರ ಹೇಳುವವಳು ಅಕ್ಕ. ಒಪ್ಪಂದ ಅಂದರೆ ಒಪ್ಪಂದ.

"ಅತ್ತೆ ಕೆಳಗೇ ಇದ್ದಾಳೆ, ಬೇಕಾದ್ರೆ ಕೇಳು!"

ಕೆಳಗಿನಿಂದ ಹಾರನ್ನುಗಳ ಸದ್ದು ಏರುತ್ತಿತ್ತು. ಯುವಕನೇ ಎದ್ದು ಗಾಜನ್ನು ಪಕ್ಕಕ್ಕೆ ಸರಿಸಿದ. ಮೂವರೂ ಬಗ್ಗಿ ನೋಡಿದೆವು. ಅತ್ತೆ ಕಾರಿನ ಬಾಗಿಲು ತೆರೆದು, ಒಂದು ಕಾಲು ರಸ್ತೆಯ ಮೇಲೂ ಇನ್ನೊಂದು ಕಾಲು ಒಳಗೆ ಬ್ರೇಕಿನ ಮೇಲೂ ಇಟ್ಟು, ಬಾಗಿಲ ಮೇಲಂಚು ಹಿಡಿದು ಮೇಲೆ ನೋಡುತ್ತಿದ್ದಳು. ಹಿಂದೆ ವಾಹನಗಳ ಸಾಲು ಬೆಳೆಯುತ್ತಿತ್ತು.

"ಅಕ್ಕ! ಎಷ್ಟು?" ಎಂದು ಅಪ್ಪ ಕೂಗಿದ.

"ಹದಿನೇಳು ಪಾಯಿಂಟ್ ಒಂಬತ್ತು ಎರಡು!"

"ಹನ್ನೆರಡು ಅಂದ್ಯಲ್ಲ!"

ಅತ್ತೆ ಸುತ್ತ ಒಮ್ಮೆ ಕಣ್ಣಾಡಿಸಿದಳು. ಬಟ್ಟೆ ಅಂಗಡಿಯವರು ಬಾಗಿಲಿಗೆ ಬಂದಿದ್ದರು. ಹಿಂದಿನ ಟ್ಯಾಕ್ಸಿಯವನು ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ.

"ನಾನು ತಪ್ಪು ಹೇಳ್ದೆ ಕಣೋ!" ಎಂದು ಅವಳು ಇಡೀ ಬೀದಿಗೆ ಕೇಳಿಸುವಂತೆ ಕೂಗಿದಳು. "ನನ್ನದೇ ತಪ್ಪು!"

ಅಪ್ಪ ಪೆನ್ನಿನ ಮುಚ್ಚಳ ಹಾಕಿ, ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಯುವಕನ ಕಡೆ ತಿರುಗಿದ. ಪಾಪ, ಅವನು ಸುಳ್ಳು ಹೇಳಿದವನಲ್ಲ. ಹತ್ತು ಎಂದೂ ಬರೆದಿತ್ತು, ಅದರ ಪಕ್ಕದಲ್ಲಿ ಫ್ಲಾಟ್ ಎಂದೂ ಬರೆದಿತ್ತು. ಓದದೆ ಬಿಟ್ಟವನು ಅಪ್ಪ. "ಇನ್ನೂ ಎರಡು ಸಹಿ ಬಾಕಿ ಇದೆ ಸಾರ್," ಅಂದ ಯುವಕ. "ಅವು ಬೀಳೋ ತನಕ ಇದು ಬರೀ ಕಾಗದ. ಹರಿದು ಕೊಡ್ಲಾ?"

ಅಪ್ಪ ತಲೆಯಾಡಿಸಿದ. ಅವನ ಮುಖ ಸಪ್ಪಗಾಗಿತ್ತು. ಯಂತ್ರ ಮಾರುವವರು ಸಂಜೆಯ ತನಕ ಮಾತ್ರ ಕಾಯುವುದಾಗಿ ಹೇಳಿದ್ದರು. ಕಾರಿನ ಬೀಗದಕೈ ಮಾಡಿಸುವ ಗಿರಾಕಿಗಳು ಇನ್ನು ಮೇಲೂ ಅವನ ಅಂಗಡಿ ದಾಟಿಕೊಂಡು ಮುಂದಿನ ಬೀದಿಗೆ ಹೋಗುತ್ತಾರೆ. ಅವನು ಕಿಟಕಿಗೆ ಮರಳಿ, "ಸರಿ ಬಿಡು ಅಕ್ಕ, ಬೇಡ," ಎಂದು ಕೈ ಬೀಸಿದ.

"ಬೇಡ ಅಂದ್ರೇನು? ನನ್ನ ಹತ್ರ ತಗೋ!"

"ನಿನ್ನ ಕಾರಿನ ದುಡ್ಡು ಅದು!"

"ಕಾರು ಓಡ್ತಿದೆಯಲ್ಲೋ! ಇಲ್ಲಿ ತನಕ ಬಂತಲ್ಲ!"

"ಎರಡನೇ ಗೇರಿನಲ್ಲಿ," ಎಂದು ಒಳಗಿನಿಂದ ಡಾಕ್ಟರಮ್ಮ ಸೇರಿಸಿದರು.

ಅಪ್ಪ ಕಿಟಕಿಯ ಚೌಕಟ್ಟು ಹಿಡಿದು ಇನ್ನಷ್ಟು ಹೊರಗೆ ಬಗ್ಗಿದ. "ಹಾಗಾದ್ರೆ ಬಿಟ್ಟಿ ಬೇಡ. ಹನ್ನೆರಡು ಕೊಡ್ತೀನಿ! ಹನ್ನೆರಡು ಕೊಡೋಣ ಅಂತಾನೇ ಮನೆಯಿಂದ ಹೊರಟವನು ನಾನು!"

"ಹನ್ನೆರಡಾ? ನಾನೇನು ಬಡ್ಡಿ ಅಂಗಡಿ ಇಟ್ಟಿದ್ದೀನಾ? ಬ್ಯಾಂಕು ನನಗೆ ಆರೂವರೆ ಕೊಡ್ತಿದೆ. ನೀನೂ ಆರೂವರೆ ಕೊಡು!"

"ಹನ್ನೆರಡು!"

"ಆರೂವರೆ! ಒಂದು ಪೈಸೆ ಮೇಲೆ ಬೇಡ!"

"ಹನ್ನೆರಡಕ್ಕೆ ಕಮ್ಮಿ ಆದ್ರೆ ನಂಗೆ ಯಂತ್ರಾನೇ ಬೇಡ!"

ಯುವಕ ನನ್ನ ಕಿವಿಯ ಹತ್ತಿರ, "ಯಾರು ಕೊಡೋರು, ಯಾರು ತಗೊಳ್ಳೋರು?" ಎಂದು ಪಿಸುಗುಟ್ಟಿದ. ಸಾಲ ಕೊಡುವವಳು ದರ ಇಳಿಸುತ್ತಿದ್ದಳು, ತೆಗೆದುಕೊಳ್ಳುವವನು ಏರಿಸುತ್ತಿದ್ದ. ಆ ಆಫೀಸಿನ ಗೋಡೆಗಳು ಅಂಥ ಚೌಕಾಸಿಯನ್ನು ಅದುವರೆಗೆ ಕೇಳಿರಲಾರವು. ಕೆಳಗೆ ಬಟ್ಟೆ ಅಂಗಡಿಯವರು ಎರಡು ಪಕ್ಷವಾಗಿ ಒಡೆದಿದ್ದರು. ಹೆಂಗಸರು ಆರೂವರೆಯ ಕಡೆ, ಲೆಕ್ಕ ಬರೆಯುವವರು ಹನ್ನೆರಡರ ಕಡೆ.

"ಏನಮ್ಮ, ನಡುವೆ ಎಲ್ಲಾದ್ರೂ ಒಂದು ಕಡೆ ನಿಂತ್ಕೊಳ್ಳಿ, ನಮಗೆ ದಾರಿ ಬಿಡಿ!" ಎಂದು ಟ್ಯಾಕ್ಸಿಯವನು ಕೂಗಿದ. ಆಗ ಡಾಕ್ಟರಮ್ಮ, ಕಾರು ಕಲಿಯಲು ಬಂದಾಗಿನಿಂದ ಮೊತ್ತಮೊದಲ ಬಾರಿಗೆ, ತಾವಾಗಿಯೇ ಹಾರನ್ ಒತ್ತಿದರು. ಬೀದಿ ಒಂದು ಗಳಿಗೆ ಮೌನವಾಯಿತು.

ಅತ್ತೆ ಟ್ಯಾಕ್ಸಿಯವನ ಕಡೆಗೊಮ್ಮೆ ನೋಡಿದಳು, ತಮ್ಮನ ಕಡೆಗೊಮ್ಮೆ ನೋಡಿದಳು. ಕೂಡಿಸಿ ಅರ್ಧ ಮಾಡುವುದಕ್ಕೆ ಅವಳಿಗೆ ಯಾವ ಶೀಟೂ ಬೇಕಿರಲಿಲ್ಲ. ಆ ದರಕ್ಕೆ ತಿಂಗಳ ಕಂತು ಒಂಬತ್ತು ಸಾವಿರದ ಐನೂರ ಎಪ್ಪತ್ತೈದಾಯಿತು ಎಂದು ನಾನು ಲೆಕ್ಕ ಹಾಕಿದ್ದು ಆಮೇಲೆ. ಅಪ್ಪ ಮೂವತ್ತಾರು ತಿಂಗಳೂ ಅದನ್ನು ತಪ್ಪದೆ ತಂದುಕೊಟ್ಟ, ಪ್ರತಿ ಸಲವೂ ಅವಳು ತಪ್ಪದೆ ಎಣಿಸಿ ತೆಗೆದುಕೊಂಡಳು. ಅವತ್ತು ಆ ಬೀದಿಯಲ್ಲಿ ಅವಳು ಬ್ರೇಕಿನ ಮೇಲಿನ ಕಾಲು ತೆಗೆಯದೆ, ಗೇರು ಬದಲಿಸಲು ಹೇಳುವಾಗಿನ ಶಾಂತ ದನಿಯಲ್ಲೇ, ಆದರೆ ಮಹಡಿಗೆ ಮುಟ್ಟುವಷ್ಟು ಗಟ್ಟಿಯಾಗಿ ಅಂದಳು:

"ಒಂಬತ್ತೂಕಾಲು."